ಮಾಸ್ಕ್ ಮೊದಲು ಮಗುವಿಗೆ ಹಾಕಬಾರದಾ?

ಪ್ರಶ್ನೆ
ಮುಂದಿನ ವಾರ ನಾಲ್ಕು ವರ್ಷದ ಮಗಳ ಜೊತೆ ಮೊದಲ ಸಲ ವಿಮಾನ ಹತ್ತುತ್ತಿದ್ದೇನೆ. ಆಕ್ಸಿಜನ್ ಮಾಸ್ಕ್ ಬಿದ್ದರೆ ಮೊದಲು ನಾವು ಹಾಕಿಕೊಳ್ಳಬೇಕು, ಆಮೇಲೆ ಮಗುವಿಗೆ ಅಂತಾರಲ್ವಾ? ನನ್ನ ಮನಸ್ಸು ಒಪ್ಪುತ್ತಿಲ್ಲ. ಉಸಿರು ಬಿಗಿಹಿಡಿದು ಅವಳಿಗೇ ಮೊದಲು ಹಾಕಿದರೆ ಏನಾಗುತ್ತದೆ?

ಉತ್ತರ 1
ದಯವಿಟ್ಟು ಉಸಿರು ಬಿಗಿಹಿಡಿಯಬೇಡಿ. ಹೊರಗಿನ ಒತ್ತಡ ಕುಸಿದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಶ್ವಾಸಕೋಶಕ್ಕೇ ಪೆಟ್ಟು.

ನಾನು ವಿಮಾನ ಮೆಂಟೆನೆನ್ಸ್‌ನಲ್ಲಿ ಇದ್ದವನು, ಕ್ಯಾಬಿನ್ ಪ್ರೆಶರ್ ಟೆಸ್ಟ್ ನನ್ನ ಕೆಲಸವೇ ಆಗಿತ್ತು. 35,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲು ಭಾಗದಷ್ಟೇ. ಒಳಗೆ ಗಾಳಿ ತುಂಬುತ್ತಾ, ಹಿಂಭಾಗದ ವಾಲ್ವ್‌ನಿಂದ ಲೆಕ್ಕ ಹಾಕಿ ಹೊರಬಿಡುತ್ತಾ, ಕ್ಯಾಬಿನ್ನನ್ನು ಸುಮಾರು 8,000 ಅಡಿಯ ಬೆಟ್ಟದ ಮೇಲಿದ್ದಂತೆ ಇಡುತ್ತಾರೆ. ಆ ಒತ್ತಡ ಹೋದರೆ ಆಕ್ಸಿಜನ್ ಸಾಲದೆ ಮಂಕು ಕವಿಯುತ್ತದೆ, ನಿಮಗೆ ಸರಿಯಾಗಿ ಯೋಚಿಸಲು ಸಿಗುವುದು 30ರಿಂದ 60 ಸೆಕೆಂಡ್. ಎಚ್ಚರ ತಪ್ಪಿದ ಮಗುವಿಗೆ ನೀವು ಮಾಸ್ಕ್ ಹಾಕಬಹುದು, ಬೇಗ ಚೇತರಿಸಿಕೊಳ್ಳುತ್ತಾಳೆ. ನೀವು ಎಚ್ಚರ ತಪ್ಪಿದರೆ ಅವಳೇನು ಮಾಡಬೇಕು?

ನನಗೆ ಜಾಸ್ತಿ ಭಯ ನಿಧಾನವಾಗಿ ಇಳಿಯುವ ಒತ್ತಡದ್ದು. ಸದ್ದಿಲ್ಲ, ನೋವಿಲ್ಲ, ಮಂಕು ಕವಿದಿದೆ ಅನ್ನೋದೇ ತಿಳಿಯುವುದಿಲ್ಲ. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ 522 ವಿಮಾನದಲ್ಲಿ ಹೀಗೇ ಆಯಿತು. ಪ್ರೆಶರ್ ಸ್ವಿಚ್ ರಾತ್ರಿಯ ತಪಾಸಣೆಯ ನಂತರ ಮ್ಯಾನ್ಯುಯಲ್‌ನಲ್ಲೇ ಉಳಿದಿತ್ತು, ಹಾಗಾಗಿ ಕ್ಯಾಬಿನ್ ಒತ್ತಡ ತಾನಾಗಿ ಹೊಂದಿಕೊಳ್ಳಲಿಲ್ಲ. ಎಚ್ಚರಿಕೆಯ ಹಾರ್ನ್ ಮೊಳಗಿತು. ಟೇಕಾಫ್ ತಪ್ಪುಗಳಿಗೂ ಅದೇ ಸದ್ದು, ಪೈಲಟ್‌ಗಳು ಹಾಗೇ ತಿಳಿದರು. ವಿಮಾನ ಮೇಲೇರುತ್ತಲೇ ಹೋಯಿತು. 121 ಜನ ಹೋದರು. ಅಂಥದ್ದೇ ಪ್ಯಾನೆಲ್ ಮುಂದೆ ಕೂತು ಕೆಲಸ ಮಾಡಿದ ನನಗೆ ಆ ಒಂದು ಸ್ವಿಚ್ ಇವತ್ತಿಗೂ ಮರೆಯುವುದಿಲ್ಲ. ಮಾಸ್ಕ್ ಬಿದ್ದಾಗ "ನಾನು ಚೆನ್ನಾಗೇ ಇದ್ದೀನಲ್ಲ" ಅಂತ ಕಾಯಬೇಡಿ.

ಪ್ರಶ್ನೆ ಕೇಳಿದವರು
ಈಗ ಅರ್ಥವಾಯಿತು, ಸರ್. ಆದರೆ ಆ ಆಕ್ಸಿಜನ್ ಎಷ್ಟು ಹೊತ್ತು ಬರುತ್ತದೆ?

ಉತ್ತರ 1
ಬಹಳಷ್ಟು ವಿಮಾನಗಳಲ್ಲಿ 12 ನಿಮಿಷದ ಆಸುಪಾಸು, ಸಾಕು. ಅಷ್ಟರಲ್ಲಿ ಪೈಲಟ್ 10,000 ಅಡಿಗೆ ಇಳಿಸುತ್ತಾರೆ, ಅಲ್ಲಿ ಸುಮ್ನೆ ಉಸಿರಾಡಬಹುದು. ಆ ಇಳಿತ ಜೋರಾಗಿರುತ್ತದೆ, ವಿಮಾನ ಬೀಳುತ್ತಿದೆ ಅಂತ ಗಾಬರಿಯಾಗಬೇಡಿ. ಮಾಸ್ಕನ್ನು ಜಗ್ಗಿ ಎಳೆಯಿರಿ, ಆಗಲೇ ಆಕ್ಸಿಜನ್ ಶುರುವಾಗುವುದು. ಚೀಲ ಉಬ್ಬದಿದ್ದರೂ ಬರುತ್ತಿರುತ್ತದೆ. ಸುಟ್ಟ ವಾಸನೆ ಬಂದರೂ ತೆಗೆಯಬೇಡಿ, ಆಕ್ಸಿಜನ್ ತಯಾರಿಸುವ ಡಬ್ಬಿ ಬಿಸಿಯಾಗುತ್ತದೆ ಅಷ್ಟೇ.

ಉತ್ತರ 2
ಒಂದು ಮಾತು ಸೇರಿಸುತ್ತೇನೆ. ಬೆಲ್ಟ್ ಹಾಕಿಯೇ ಇರಲಿ. 1988ರಲ್ಲಿ ಅಲೋಹಾ 243 ವಿಮಾನದ ಛಾವಣಿ 24,000 ಅಡಿಯಲ್ಲಿ ಕಿತ್ತುಹೋಯಿತು. ನಿಂತಿದ್ದ ಗಗನಸಖಿಯೊಬ್ಬರು ಹೊರಗೆ ಸೆಳೆದುಹೋದರು. ಬೆಲ್ಟ್ ಹಾಕಿ ಕೂತಿದ್ದ ಪ್ರಯಾಣಿಕರೆಲ್ಲ ಬದುಕಿದರು. ಮಗಳ ಬೆಲ್ಟನ್ನೂ ಸೊಂಟಕ್ಕೆ ಸರಿಯಾಗಿ ಬಿಗಿ ಮಾಡಿ.