ಅಣಬೆ ಚೀಲ ಹಸಿರಾಗಿದೆ, ಟೊಮೆಟೊಗೆ ಹಾಕಿದ ಗೊಬ್ಬರದಿಂದಾನಾ?

ಬಾಲ್ಕನಿ_ಬದನೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಮನೆ, ತಾರಸಿ ಮೇಲೆ ಟೊಮೆಟೊ, ಬದನೆ, ಡ್ರಮ್ಮಲ್ಲಿ ಒಂದು ಹಿಪ್ಪುನೇರಳೆ. ಈ ಸಲ ಚಿಪ್ಪಣಬೆಯನ್ನೂ ನೋಡೋಣ ಅಂತ ಭತ್ತದ ಹುಲ್ಲು ತಂದು, ಕತ್ತರಿಸಿ, ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಯುವ ನೀರು ಸುರಿದು ಬಸಿದು, ಬೀಜ ಹಾಕಿ ಮೂರು ಚೀಲ ಕಟ್ಟಿದೆ. ಮೊದಲ ವಾರ ಒಳಗೆಲ್ಲ ಬೆಳ್ಳಗೆ ಬಲೆ ಹರಡಿತು, ಖುಷಿಯೋ ಖುಷಿ. ಹನ್ನೊಂದನೇ ದಿನ ನೋಡಿದರೆ ಎರಡು ಚೀಲದ ತಳದಲ್ಲಿ ಕಡು ಹಸಿರು ಬೂಷ್ಟು. ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ. ಅದೇ ವಾರ ಟೊಮೆಟೊ ಬುಡಕ್ಕೆ ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರ ಬೆರೆಸಿದ ಗೊಬ್ಬರ ಕೊಟ್ಟಿದ್ದೆ, ಆ ಬಕೆಟ್ ಚೀಲಗಳ ಪಕ್ಕದಲ್ಲೇ ಇತ್ತು. ಅದರಿಂದಾನಾ? ಹಸಿರು ಭಾಗ ಕೆರೆದು ತೆಗೆದರೆ ಉಳಿದದ್ದು ಬರುತ್ತದಾ?

ಹುಲ್ಲುಮೆದೆ:
ಕೆರೆಯಬೇಡಿ! ಪುಡಿ ಹಾರಿ ಮೂರನೇ ಚೀಲಕ್ಕೂ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚೀಲ ಬಿಚ್ಚದೆ ಹೊರಗೆ ಒಯ್ದು, ಹುಲ್ಲನ್ನು ಮಣ್ಣಲ್ಲಿ ಹೂತುಬಿಡಿ.

ನೀವು ಹೇಳುವುದು ನೋಡಿದರೆ ಅದು ಬಹುಶಃ ಟ್ರೈಕೋಡರ್ಮಾನೇ. ಬೇರು ಕೊಳೆಸುವ ಶಿಲೀಂಧ್ರಗಳನ್ನು ತಿನ್ನಲಿ ಅಂತ ತಾನೇ ಟೊಮೆಟೊಗೆ ಹಾಕುವುದು? ಅಣಬೆಯೂ ಶಿಲೀಂಧ್ರವೇ, ಅದಕ್ಕೇನು ಭೇದ ಗೊತ್ತು ಪಾಪ. ಆದರೆ ಬರೀ ಬಕೆಟ್ಟನ್ನು ಬೈಯಬೇಡಿ, ಅದರ ಬೀಜಕಣ ಹುಲ್ಲಲ್ಲೂ ಗಾಳಿಯಲ್ಲೂ ಇರುತ್ತದೆ. ತಣ್ಣಗೆ ನೆನೆದ ಹುಲ್ಲಿನ ಮೇಲೆ ಕುದಿನೀರು ಸುರಿದರೆ ಎರಡು ನಿಮಿಷಕ್ಕೆ ಅದು ಸ್ನಾನದ ನೀರಾಗುತ್ತದೆ ಅಷ್ಟೇ. 80 ಡಿಗ್ರಿಯಲ್ಲಿ ಒಂದು ಗಂಟೆಯಾದರೂ ಇರಬೇಕು. ನಾನು ಹುಲ್ಲನ್ನು ಗೋಣಿಚೀಲಕ್ಕೆ ತುಂಬಿ, ಹಂಡೆಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಬೇಯಿಸುತ್ತೇನೆ. ಆಮೇಲೆ ಹರಡಿ ಆರಿಸಿ ಒಂದು ಹಿಡಿ ಹಿಂಡಿ ನೋಡುವುದು: ಅಂಗೈ ತೇವ ಆಗಬೇಕು, ಹನಿ ಬೀಳಬಾರದು. ನಿಮ್ಮದು ತಳದಲ್ಲೇ ಹಸಿರಾಗಿದೆ ಅಂದರೆ ಅಲ್ಲಿ ನೀರು ನಿಂತಿದೆ. ಮುಂದಿನ ಸಲ ತಳಕ್ಕೂ ತೂತು ಹಾಕಿ.

ಮಲ್ನಾಡ್_ಮಳೆ:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮೂರಲ್ಲಿ ಗುಡುಗು ಬಂದರೆ ಹುತ್ತದ ಹತ್ತಿರ ಅಣಬೆ ಏಳುತ್ತದಲ್ಲ, ಅದನ್ನೂ ಹೀಗೆ ಚೀಲದಲ್ಲಿ ಬೆಳೆಯಬಹುದಾ?

ಹುಲ್ಲುಮೆದೆ:
ಆಗಲ್ಲ ಮೇಡಂ. ಅದನ್ನು ಸಾಕುವುದು ಗೆದ್ದಲು, ಹುತ್ತದೊಳಗೆ ಅದಕ್ಕೆ ತೋಟವೇ ಇರುತ್ತದೆ. ನಮ್ಮ ಕೈಗೆ ಬಗ್ಗುವುದು ಚಿಪ್ಪಣಬೆ.

ತಾರಸಿ_ತರಕಾರಿ:
ಬೀಜ ಹಳೆಯದಿತ್ತಾ ಅಂತಲೂ ನೋಡಿ. ನಾನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ತರುತ್ತೇನೆ, ಮೊದಲೇ ಫೋನ್ ಮಾಡಿ ಹೋಗಿ, ಸುಮ್ನೆ ಅಷ್ಟು ದೂರ ಹೋಗಿ ಬರಿಗೈಲಿ ಬರಬಾರದು ಅಲ್ವಾ. ಕೊಯ್ಲು ಮುಗಿದ ಹುಲ್ಲು ಎಸೆಯಬೇಡಿ, ಬದನೆ ಕುಂಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ನೀರು ಕಡಿಮೆ ಸಾಕು.

ಬಾಲ್ಕನಿ_ಬದನೆ:
ಇಲ್ಲಿ ಕೇಳಿ ಹನ್ನೆರಡು ದಿನ ಆಯಿತು. ಎರಡನ್ನು ಹೂತೆ. ಮೂರನೆಯದನ್ನು ಒಳಗೆ ಕತ್ತಲೆ ಕೋಣೆಗೆ ತಂದಿದ್ದೆ, ಪೂರ್ತಿ ಬೆಳ್ಳಗಾದ ಮೇಲೆ ಬೆಳಕಿಗಿಟ್ಟು ನೀರು ಚಿಮುಕಿಸುತ್ತಿದ್ದೇನೆ. ಇವತ್ತು ತೂತಿನಲ್ಲಿ ಸಾಸಿವೆಯಷ್ಟು ಮೊಗ್ಗು ಕಾಣಿಸಿದೆ! ಅಮ್ಮ ಮಾತ್ರ ಬೂಷ್ಟಿನ ಪಕ್ಕ ಇದ್ದದ್ದು ಅಡಿಗೆಮನೆಗೆ ಬರಕೂಡದು ಅಂತಿದ್ದಾರೆ.