ಸ್ಪರ್ಧೆಯಲ್ಲಿ ಕುದುರೆ ಸತ್ತಾಗ ಸವಾರನನ್ನು ದೂಷಿಸುವುದು ನ್ಯಾಯವೇ?

ಅಶ್ವಪ್ರಿಯ (ಪ್ರಶ್ನೆ):

2021ರ ಆಗಸ್ಟ್ 1ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಹಲವು ಹಂತಗಳ ಕುದುರೆ ಸವಾರಿ ಸ್ಪರ್ಧೆಯಾದ ಈವೆಂಟಿಂಗ್‌ನ ಕ್ರಾಸ್‌ಕಂಟ್ರಿ ಹಂತದಲ್ಲಿ (ಬಯಲಿನ ಹಾದಿಯಲ್ಲಿ ತಡೆಗಳನ್ನು ಜಿಗಿಯುತ್ತ ಓಡುವ ಹಂತ), ಸ್ವಿಟ್ಜರ್ಲೆಂಡಿನ ರಾಬಿನ್ ಗೋಡೆಲ್ ಸವಾರಿ ಮಾಡುತ್ತಿದ್ದ ಜೆಟ್ ಸೆಟ್ ಎಂಬ 14 ವರ್ಷದ ಕುದುರೆ, ಕೆಲವೇ ತಡೆಗಳು ಉಳಿದಿರುವಾಗ ತೀವ್ರವಾಗಿ ಕುಂಟತೊಡಗಿತು. ಬಲಗಾಲಿನ ಗೊರಸಿಗಿಂತ ಸ್ವಲ್ಪ ಮೇಲೆ, ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜು (ಲಿಗಮೆಂಟ್) ಸರಿಪಡಿಸಲಾಗದಂತೆ ಹರಿದಿದೆ ಎಂಬುದು ಆಸ್ಪತ್ರೆಯ ಸ್ಕ್ಯಾನ್‌ನಲ್ಲಿ ಖಚಿತವಾಯಿತು. ಮಾಲೀಕರು ಮತ್ತು ಸವಾರನ ಒಪ್ಪಿಗೆಯ ಮೇಲೆ ಅದಕ್ಕೆ ದಯಾಮರಣ ನೀಡಲಾಯಿತು. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಕೂಡ ಅದೇ ದಿನ ಅದೇ ಹಾದಿಯಲ್ಲಿ ಸೆನ್ಯೂರ್ ಮೆಡಿಕಾಟ್ ಕುದುರೆಯನ್ನು ಓಡಿಸಿದ್ದರಿಂದ ಇಲ್ಲಿಯೂ ಅನೇಕರು ಆ ಸ್ಪರ್ಧೆಯನ್ನು ನೋಡುತ್ತಿದ್ದರು.

ಇಂಥ ಸಾವು ಸಂಭವಿಸಿದಾಗಲೆಲ್ಲ ಸವಾರನನ್ನು ಕೊಲೆಗಾರನೆಂದು, ಪದಕಕ್ಕಾಗಿ ಮೂಕಪ್ರಾಣಿಯನ್ನು ಬಲಿಕೊಟ್ಟವನೆಂದು ಕರೆಯುವ ಮಾತುಗಳು ಕೆಲವೇ ಗಂಟೆಗಳಲ್ಲಿ ಹರಡಿಬಿಡುತ್ತವೆ. ಇನ್ನೊಂದೆಡೆ, ಕುದುರೆಯ ಬೆನ್ನೇರದವರಿಗೆ ಮಾತನಾಡುವ ಹಕ್ಕೇ ಇಲ್ಲವೆಂದು ಸವಾರರ ಬಳಗ ಬಾಗಿಲು ಹಾಕಿಕೊಳ್ಳುತ್ತದೆ. ಎರಡನ್ನೂ ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಹಾಗಾದರೆ ಹೊರಗಿನವರು ಯಾರನ್ನು, ಏನೆಂದು ಕೇಳಬೇಕು?

ಪಶುವೈದ್ಯೆ_ಹೆಬ್ಬಾಳ:

ಮೊದಲಿಗೆ, ಅತಿ ಹೆಚ್ಚು ಕೇಳಿಬರುವ ಆರೋಪಕ್ಕೆ ಉತ್ತರಿಸುತ್ತೇನೆ: ಕಾಲಿಗೆ ಚಿಕಿತ್ಸೆ ಕೊಡಿಸದೆ ಕೊಂದರು ಎಂಬುದು. ಕುದುರೆಯ ಮಂಡಿಯ ಕೆಳಗೆ ಸ್ನಾಯುಗಳು ಇಲ್ಲವೆನ್ನುವಷ್ಟು ಕಡಿಮೆ; ಅಲ್ಲಿರುವುದು ಮೂಳೆ, ಸ್ನಾಯುರಜ್ಜು, ಅಸ್ಥಿರಜ್ಜು ಮತ್ತು ಚರ್ಮ. ಸುಮಾರು 500 ಕಿಲೊ ತೂಕವನ್ನು ಆ ತೆಳ್ಳನೆಯ ರಚನೆಯೇ ಹೊರಬೇಕು. ಮನುಷ್ಯನಂತೆ ವಾರಗಟ್ಟಲೆ ಮಲಗಿಸಿದರೆ ಅದರ ಶ್ವಾಸಕೋಶ, ಕರುಳು, ಸ್ನಾಯುಗಳು ಹದಗೆಡುತ್ತವೆ. ನಿಲ್ಲಿಸಿಯೇ ಇಟ್ಟರೆ, ನೋವಿನ ಕಾಲನ್ನು ಎತ್ತಿಕೊಂಡು ಉಳಿದ ಕಾಲುಗಳ ಮೇಲೆ ಭಾರ ಹಾಕುವುದರಿಂದ ಆ ಕಾಲುಗಳ ಗೊರಸಿನೊಳಗಿನ ಪದರ ಬೇರ್ಪಡುವ ಲ್ಯಾಮಿನೈಟಿಸ್ ಎಂಬ ಅತ್ಯಂತ ನೋವಿನ ಕಾಯಿಲೆ ಬರುವ ಅಪಾಯವಿದೆ. ಕೀಲನ್ನೇ ಹಿಡಿದಿಡುವ ಅಸ್ಥಿರಜ್ಜು ಪೂರ್ತಿ ಹರಿದ ಮೇಲೆ ಚಿಕಿತ್ಸೆಯನ್ನು ಎಳೆಯುವುದೆಂದರೆ ನೋವನ್ನು ಎಳೆಯುವುದೇ ಆಗುತ್ತದೆ. ದಯಾಮರಣದ ನಿರ್ಧಾರಕ್ಕೆ ಒಪ್ಪಿದ 22 ವರ್ಷದ ಗೋಡೆಲ್‌ನನ್ನು ಅದೇ ನಿರ್ಧಾರಕ್ಕಾಗಿ ಕ್ರೂರಿ ಎನ್ನುವುದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಎಲ್ಲ ಸಾವುಗಳಿಗೂ ಒಂದೇ ಕಾರಣವಿರುವುದಿಲ್ಲ ಎಂಬುದನ್ನೂ ಹೇಳಬೇಕು. 2011ರ ನವೆಂಬರ್‌ನಲ್ಲಿ ಇಟಲಿಯ ವೆರೋನಾದಲ್ಲಿ ಕೆನಡಾದ ಎರಿಕ್ ಲಮೇಜ್ ಅವರ ಹಿಕ್‌ಸ್ಟೆಡ್, ಅಂದರೆ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕುದುರೆ, ತನ್ನ ಸುತ್ತನ್ನು ಮುಗಿಸಿದ ಕೂಡಲೇ ಕುಸಿದು ಸತ್ತಿತು. ಮಹಾಪಧಮನಿ ಒಡೆದಿತ್ತು. ಅಂಥದ್ದನ್ನು ಮುಂಚಿತವಾಗಿ ಕಂಡುಹಿಡಿಯುವ ದಿನನಿತ್ಯದ ತಪಾಸಣೆ ನಮ್ಮ ಬಳಿ ಇಲ್ಲ. ಅಂದು ಉಳಿದ ಸವಾರರೇ ಸ್ಪರ್ಧೆಯನ್ನು ನಿಲ್ಲಿಸುವಂತೆ ಕೇಳಿಕೊಂಡರು.

ಲಗಾಮು:

ವೈದ್ಯರ ಮಾತನ್ನು ಪೂರ್ಣವಾಗಿ ಒಪ್ಪಿಯೂ, ಸವಾರನಾಗಿ ನಾನು ಟೀಕೆಗೆ ಸ್ವಲ್ಪ ಹೆಚ್ಚು ಜಾಗ ಬಿಡುತ್ತೇನೆ. ಸವಾರನ ಕೈಯಲ್ಲಿರುವುದು ವೇಗ, ತಡೆಯ ಬಳಿಗೆ ಬರುವ ರೀತಿ, ದಣಿದ ಕುದುರೆಯನ್ನು ನಿಲ್ಲಿಸುವ ವಿವೇಕ. ದಣಿದ ಕುದುರೆಯನ್ನು ಒತ್ತಾಯದಿಂದ ಓಡಿಸಿದರೆ ಶಿಕ್ಷೆಯಾಗಬೇಕೆಂದು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ನಿಯಮಗಳೇ ಹೇಳುತ್ತವೆ. ಆ ಅಳತೆಗೋಲನ್ನು ಹಿಡಿದು ಯಾರು ಬೇಕಾದರೂ ನಮ್ಮನ್ನು ಪ್ರಶ್ನಿಸಬಹುದು. ಆದರೆ ನೆಲದ ಗುಣ, ತಡೆಗಳ ವಿನ್ಯಾಸ, ನಿಮಿಷಕ್ಕೆ 570 ಮೀಟರ್ ಎಂಬ ನಿಗದಿತ ವೇಗ, ಇವು ಸವಾರನ ತೀರ್ಮಾನಗಳಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಕುದುರೆಯ ಕಾಲು ಜೋರಾಗಿ ತಾಗಿದರೆ ಮರದ ದಿಮ್ಮಿ ಕೆಳಗೆ ಬೀಳುವಂತೆ ಕೆಲವು ತಡೆಗಳಿಗೆ ಮುರಿಯುವ ಪಿನ್ ಅಥವಾ ಬಿಚ್ಚಿಕೊಳ್ಳುವ ಕ್ಲಿಪ್ ಅಳವಡಿಸುತ್ತಾರೆ. ಕುದುರೆ ಪಲ್ಟಿ ಹೊಡೆದು ಸವಾರನ ಮೇಲೆ ಬೀಳುವ ಅಪಘಾತವನ್ನು ತಪ್ಪಿಸುವುದು ಅದರ ಉದ್ದೇಶ. ಟೋಕಿಯೊದಲ್ಲೇ ಜರ್ಮನಿಯ ಮಿಖಾಯೆಲ್ ಯುಂಗ್ ಅಂಥ ಒಂದು ತಡೆಯನ್ನು ಬೀಳಿಸಿ 11 ದಂಡಾಂಕ ಪಡೆದರು. ಇಂಥ ತಡೆಗಳು ಪುಕ್ಕಟೆಯಾಗಿ ಬರಲಿಲ್ಲ. ಸವಾರರು ಮತ್ತು ಕುದುರೆಗಳು ಸತ್ತ ಮೇಲೆ ಕೇಳಿದ ಪ್ರಶ್ನೆಗಳಿಂದ ಬಂದವು. ಆದರೂ ಜೆಟ್ ಸೆಟ್‌ಗೆ ಆದಂಥ ಗಾಯವನ್ನು ಯಾವ ಪಿನ್ ಕೂಡ ತಡೆಯದು.

ಮಾತಿಲ್ಲದವರ_ಪರ:

ಇಲ್ಲಿಯವರೆಗಿನ ಉತ್ತರಗಳಲ್ಲಿ ಕುದುರೆಯ ಪಕ್ಷ ತೆಳುವಾಗಿದೆ ಎನಿಸುತ್ತದೆ. ಸವಾರ ತನ್ನ ಅಪಾಯವನ್ನು ತಾನೇ ಆರಿಸಿಕೊಳ್ಳುತ್ತಾನೆ, ಕುದುರೆ ಆರಿಸಿಕೊಳ್ಳುವುದಿಲ್ಲ. ಆದ್ದರಿಂದ ಟೀಕೆಯೇ ಬೇಡವೆನ್ನುವುದನ್ನು ನಾನು ಒಪ್ಪಲಾರೆ. ಅದೇ ಟೋಕಿಯೊದಲ್ಲಿ, ಅದೇ ವಾರ, ಕುದುರೆ ಸವಾರಿಯೂ ಸೇರಿ ಐದು ಆಟಗಳಿದ್ದ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಸೇಂಟ್ ಬಾಯ್ ಎಂಬ ಕುದುರೆ ಜಿಗಿಯಲು ನಿರಾಕರಿಸಿದಾಗ ಜರ್ಮನಿಯ ಅನಿಕಾ ಶ್ಲಾಯ್ ಅಳುತ್ತಲೇ ಅದನ್ನು ಚಾಟಿಯಿಂದ ಹೊಡೆದರು. ತರಬೇತುದಾರ್ತಿ ಅದಕ್ಕೆ ಮುಷ್ಟಿಯಿಂದ ಗುದ್ದಿ ಕೂಟದಿಂದ ಅನರ್ಹರಾದರು. ಅಲ್ಲಿ ಕುದುರೆ ಸಾಯಲಿಲ್ಲ, ಆದರೆ ಜಗತ್ತು ಸಿಟ್ಟಾಯಿತು.

ಆ ಸಿಟ್ಟಿನ ಬಹುಪಾಲು ಶ್ಲಾಯ್ ಮೇಲೆ ಸುರಿಯಿತು. ಅದರಿಂದ ಯಾವ ಕುದುರೆಗೂ ಒಳಿತಾಗಲಿಲ್ಲ. ಬದಲಾವಣೆ ಬಂದದ್ದು, ಚೀಟಿ ಎತ್ತಿ ಸಿಕ್ಕ ಅಪರಿಚಿತ ಕುದುರೆಯನ್ನು ಇಪ್ಪತ್ತು ನಿಮಿಷಗಳ ಪರಿಚಯದಲ್ಲೇ ಓಡಿಸಬೇಕೆಂಬ ನಿಯಮದ ಕಡೆಗೆ ಜನರ ಗಮನ ತಿರುಗಿದಾಗ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ನಂತರ ಆ ಕ್ರೀಡೆಯಿಂದ ಕುದುರೆ ಸವಾರಿಯನ್ನೇ ಕೈಬಿಡಲಾಯಿತು. ಟೀಕೆಗೆ ಅಷ್ಟು ಶಕ್ತಿಯಿದೆ. ಅದನ್ನು ಶೋಕದಲ್ಲಿರುವ ಒಬ್ಬ ಮನುಷ್ಯನ ಖಾತೆಯ ಕೆಳಗೆ ಬೈಗುಳವಾಗಿ ಖರ್ಚು ಮಾಡುವುದು, ನನ್ನ ದೃಷ್ಟಿಯಲ್ಲಿ, ಕುದುರೆಗೆ ಮಾಡುವ ಎರಡನೆಯ ದ್ರೋಹ.

ಅಶ್ವಪ್ರಿಯ:

ಮೂವರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ: ಸಾವಿನ ನಂತರ ಮರಣೋತ್ತರ ಪರೀಕ್ಷೆ ನಡೆಯುತ್ತದೆಯೇ, ಅಥವಾ ಮಾಲೀಕರ ಇಚ್ಛೆಗೆ ಬಿಟ್ಟದ್ದೇ?

ಪಶುವೈದ್ಯೆ_ಹೆಬ್ಬಾಳ:

ಒಕ್ಕೂಟದ ಸ್ಪರ್ಧೆಗಳಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಬೇಕೆಂಬುದೇ ನಿಯಮ. ಔಷಧ ಪರೀಕ್ಷೆಗಾಗಿ ಮಾದರಿಗಳನ್ನೂ ತೆಗೆದುಕೊಳ್ಳುತ್ತಾರೆ. ಈವೆಂಟಿಂಗ್‌ನಲ್ಲಿ ಕುದುರೆಗಳು ಬಿದ್ದ ಪ್ರಕರಣಗಳ ಅಂಕಿಅಂಶಗಳನ್ನು ಒಕ್ಕೂಟ ಪ್ರಕಟಿಸುತ್ತದೆ. ಆದರೆ ಬೀಳದೆಯೇ ಕಾಲು ಮುರಿದುಕೊಂಡ, ರಜ್ಜು ಹರಿದುಕೊಂಡ ಕುದುರೆಗಳ ಪ್ರತಿಯೊಂದು ವರದಿಯೂ, ಅಂದಿನ ನೆಲದ ಸ್ಥಿತಿ ಮತ್ತು ಆ ಕುದುರೆಯ ಹಿಂದಿನ ಗಾಯಗಳ ವಿವರಗಳೊಂದಿಗೆ, ಯಾರು ಬೇಕಾದರೂ ಓದುವಂತೆ ಹೊರಬರಬೇಕು. ಕೋಪಗೊಂಡವರು ಒಕ್ಕೂಟಕ್ಕೆ ಪತ್ರ ಬರೆದು ಮೊದಲು ಕೇಳಬೇಕಾದದ್ದು ಆ ವರದಿಯನ್ನೇ.