ತಿರುಗುವ ತಟ್ಟೆ ಮೇಲಿನ ಗಿಡದ ತ್ರೀಡಿ ಮಾಡೆಲ್ ಕೂಡುತ್ತಲೇ ಇಲ್ಲ, ಎಡವಟ್ಟು ಎಲ್ಲಿ?

ಎಲೆಲೆಕ್ಕ:
ಕುಂಡದಲ್ಲಿರುವ ಟೊಮೆಟೊ ಸಸಿಗಳ ತ್ರೀಡಿ ಮಾಡೆಲ್ ದಿನಾ ತಾನಾಗಿಯೇ ತಯಾರಾಗಬೇಕು, ಅದರಿಂದ ಎತ್ತರ ಮತ್ತು ಒಟ್ಟು ಎಲೆ ವಿಸ್ತೀರ್ಣ ಸಿಗಬೇಕು. ಮೋಟರ್ ಇರುವ ತಟ್ಟೆ ಮೇಲೆ ಕುಂಡ ಇಟ್ಟಿದ್ದೇನೆ, ಕ್ಯಾಮೆರಾ ಸ್ಟ್ಯಾಂಡ್ ಮೇಲಿದೆ. 5 ಡಿಗ್ರಿಗೊಂದು ಫೋಟೊ, ಅಂದರೆ ಸುತ್ತಿಗೆ 72. ಅವನ್ನು ಕೋಲ್ಮ್ಯಾಪ್‌ಗೆ (ಫೋಟೊಗಳಿಂದ ಕ್ಯಾಮೆರಾ ಎಲ್ಲೆಲ್ಲಿತ್ತು ಅಂತ ಲೆಕ್ಕ ಹಾಕಿ ತ್ರೀಡಿ ಮಾಡೆಲ್ ಕಟ್ಟುವ ಸಾಫ್ಟ್‌ವೇರ್) ಕೊಟ್ಟರೆ ಒಮ್ಮೊಮ್ಮೆ ಏನೂ ಬರುವುದಿಲ್ಲ, ಬಂದರೂ ಕ್ಯಾಮೆರಾಗಳೆಲ್ಲ ಒಂದೇ ಕಡೆ ಗುಂಪು ಬಿದ್ದಿರುತ್ತವೆ. ಫೋಟೊ ಇನ್ನೂ ಜಾಸ್ತಿ ಬೇಕಾ?

ಚುಕ್ಕಿಮೋಡ:
ಫೋಟೊ ಸಾಕಷ್ಟಿವೆ. ತಟ್ಟೆ ತಿರುಗುತ್ತಿದೆ ಅಂತ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ ಅಲ್ವಾ? ವಸ್ತುಗಳು ನಿಂತಿವೆ, ಕ್ಯಾಮೆರಾ ಓಡಾಡಿದೆ ಅಂತ ನಂಬಿಕೊಂಡೇ ಅದು ಲೆಕ್ಕ ಶುರು ಮಾಡುವುದು. ಹಿಂದಿನ ಗೋಡೆ, ಕಪಾಟಿನ ಮೂಲೆ ಎಲ್ಲ ಫೋಟೊದಲ್ಲೂ ಅಲ್ಲಲ್ಲೇ ಇದ್ದರೆ ಕ್ಯಾಮೆರಾ ಕದಲಿಯೇ ಇಲ್ಲ ಅಂತ ತೀರ್ಮಾನಿಸುತ್ತದೆ. ಹಿಂದೆ ಹೊಳಪಿಲ್ಲದ ಕಪ್ಪು ಬಟ್ಟೆ ಕಟ್ಟಿ, ಇಲ್ಲವೇ ಮಾಸ್ಕ್ ಹಾಕಿ ಹಿನ್ನೆಲೆ ಮುಚ್ಚಿ.

ಜೊತೆಗೆ ಆರುಕೋ ಮಾರ್ಕರ್ (ಸಾಫ್ಟ್‌ವೇರ್ ಸುಲಭವಾಗಿ ಗುರುತಿಸುವ ಕಪ್ಪು-ಬಿಳುಪು ಚೌಕದ ಗುರುತುಗಳು) ಅಚ್ಚು ಹಾಕಿದ ಹಾಳೆಯನ್ನು ತಟ್ಟೆಗೇ ಅಂಟಿಸಿ, ಕುಂಡದ ಜೊತೆ ಅದೂ ತಿರುಗಬೇಕು. ಎಲೆಗಳೆಲ್ಲ ನೋಡೋಕೆ ಒಂದೇ ಥರ, ಒಂದು ಫೋಟೊದ ಯಾವ ಚುಕ್ಕಿಗೆ ಇನ್ನೊಂದರಲ್ಲಿ ಯಾವುದು ಜೋಡಿ ಅಂತ ಹುಡುಕುವುದು ಕಷ್ಟ, ಮಾರ್ಕರ್ ಇದ್ದರೆ ಆ ಕೆಲಸ ಹಗುರ. ಮಾರ್ಕರ್ ಗಾತ್ರ ಗೊತ್ತಿರುವುದರಿಂದ ಅಳತೆಯೂ ಅದರಿಂದಲೇ ಸಿಗುತ್ತದೆ. ಬರೀ ಫೋಟೊಗಳಿಂದ ಕಟ್ಟಿದ ಮಾಡೆಲ್‌ಗೆ ಗಿಡ 20 ಸೆಂ.ಮೀ. ಇದೆಯೋ 2 ಮೀಟರ್ ಇದೆಯೋ ಗೊತ್ತೇ ಆಗುವುದಿಲ್ಲ.

ಫೋಕಸ್ ಲಾಕ್ ಮಾಡಿ. ತಟ್ಟೆ ನಿಂತ ಮೇಲೂ ಎಲೆ ತುದಿ ಸ್ವಲ್ಪ ಹೊತ್ತು ಅಲ್ಲಾಡುತ್ತಿರುತ್ತದೆ, ಅದು ನಿಲ್ಲುವವರೆಗೆ ಕಾದು ಕ್ಲಿಕ್ ಮಾಡಲಿ. ಫ್ಯಾನ್ ಆಫ್ ಮಾಡಿ ಅಂತ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ತೊಟ್ಟು:
ಸಸಿ ಚಿಕ್ಕದಿದ್ದರೆ ಇಷ್ಟು ಒದ್ದಾಟ ಯಾಕೆ? ತಿರುಗಿದ ಕೋನ ನಿಮಗೆ ಗೊತ್ತೇ ಇದೆ. ತಿರುಗುವ ಅಕ್ಷವನ್ನು ಒಮ್ಮೆ ಸರಿಯಾಗಿ ಕ್ಯಾಲಿಬ್ರೇಟ್ ಮಾಡಿಕೊಂಡು ಸ್ಪೇಸ್ ಕಾರ್ವಿಂಗ್ ಮಾಡಿ. ಗಿಡ ಇರುವ ಜಾಗವನ್ನೆಲ್ಲ ಸಣ್ಣ ಸಣ್ಣ ವೋಕ್ಸೆಲ್‌ಗಳಾಗಿ, ಅಂದರೆ ಪುಟ್ಟ ಘನಗಳಾಗಿ, ಒಡೆದು, ಯಾವುದೇ ಒಂದು ಫೋಟೊದಲ್ಲಿ ಹಿನ್ನೆಲೆ ಮೇಲೆ ಬಿದ್ದ ವೋಕ್ಸೆಲನ್ನು ಕಿತ್ತು ಹಾಕುತ್ತಾ ಹೋದರೆ ಉಳಿದದ್ದೇ ಗಿಡ. ಸಣ್ಣ ಕಾಂಡ, ತೊಟ್ಟುಗಳೂ ಚೆನ್ನಾಗಿ ಸಿಗುತ್ತವೆ. ಆದರೆ ಒಳಕ್ಕೆ ಗುಳಿಬಿದ್ದ ಎಲೆ ತುಂಬಿಕೊಂಡಂತೆ ಕಾಣುತ್ತದೆ, ಒಂದೇ ಒಂದು ಫೋಟೊದಲ್ಲಿ ಎಲೆ ಅಲುಗಿದರೂ ಅದರ ಅಂಚು ಮಾಡೆಲ್‌ನಿಂದ ಹಾರಿಹೋಗುತ್ತದೆ. ಗಿಡ ಪೊದೆಯಾದ ಮೇಲೆ ಇದು ಬೇಡ.

ಅಳತೆಗೋಲು:
ಎತ್ತರ ಸುಲಭ, ತಲೆನೋವೆಲ್ಲ ಎಲೆ ವಿಸ್ತೀರ್ಣದ್ದು. ಫೋಟೊಗಳಿಂದ ಸಿಕ್ಕ ತ್ರೀಡಿ ಚುಕ್ಕಿಗಳಿಗೆ ಸುಮ್ನೆ ಪಾಯ್ಸಾನ್ ಮೆಷ್ (ಚುಕ್ಕಿಗಳನ್ನು ಜೋಡಿಸಿ ಮೈ ಕಟ್ಟುವ ವಿಧಾನ) ಹಾಕಿದರೆ ಅದು ಎಲ್ಲವನ್ನೂ ಮುಚ್ಚಿದ ಆಕಾರ ಅಂದುಕೊಳ್ಳುತ್ತದೆ, ತೆಳು ಎಲೆ ದಿಂಬಿನ ಹಾಗೆ ಉಬ್ಬುತ್ತದೆ. ಮೇಲೆ ಕೆಳಗೆ ಎರಡೂ ಬದಿ ಲೆಕ್ಕಕ್ಕೆ ಬಂದು ವಿಸ್ತೀರ್ಣ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೊದಲು ಒಂದೊಂದು ಎಲೆಯ ಚುಕ್ಕಿಗಳನ್ನು ಬೇರೆ ಮಾಡಿ, ಆಮೇಲೆ ಪ್ರತಿ ಎಲೆಗೂ ಒಂದೇ ಪದರದ ಮೈ ಕೂರಿಸಿ.

ಗಿಡ ಬೆಳೆದಂತೆ ಕೆಳಗಿನ ಎಲೆಗಳು ಮರೆಯಾಗುತ್ತವೆ, ಆಗ ಬೆಳವಣಿಗೆ ನಿಂತಿದೆ ಅಂತ ಗ್ರಾಫ್ ಸುಳ್ಳು ಹೇಳುತ್ತದೆ. ಆಗಾಗ ಕೆಲವು ಸಸಿಗಳ ಎಲೆ ಕತ್ತರಿಸಿ, ಚಪ್ಪಟೆಯಾಗಿ ಸ್ಕ್ಯಾನರ್ ಮೇಲಿಟ್ಟು ಹೋಲಿಸಿ ನೋಡಲೇಬೇಕು, ಬೇರೆ ದಾರಿ ನನಗಂತೂ ಕಾಣುವುದಿಲ್ಲ. ಹಗಲು ರಾತ್ರಿಗೆ ತಕ್ಕಂತೆ ಎಲೆಗಳು ಏಳುತ್ತವೆ, ಬಾಗುತ್ತವೆ, ಹಾಗಾಗಿ ಫೋಟೊ ದಿನಾ ಒಂದೇ ಹೊತ್ತಿಗೆ ತೆಗೆಯಿರಿ.

ಎಲೆಲೆಕ್ಕ:
ಬಟ್ಟೆ, ಮಾರ್ಕರ್ ಎರಡನ್ನೂ ಹಾಕುತ್ತೇನೆ. ಫೋಟೊಗಳಿಂದ ತ್ರೀಡಿ ದೃಶ್ಯ ಕಟ್ಟುವ ಗಾಸಿಯನ್ ಸ್ಪ್ಲ್ಯಾಟಿಂಗ್‌ನಲ್ಲಿ ಗಿಡಗಳು ಅದ್ಭುತವಾಗಿ ಕಾಣುತ್ತವಲ್ಲ, ನೇರವಾಗಿ ಅದಕ್ಕೇ ಹೋದರೆ ಹೇಗೆ?

ಚುಕ್ಕಿಮೋಡ:
2023ರಲ್ಲಿ ಬಂದಾಗಿನಿಂದ ಎಲ್ಲರೂ ಅದನ್ನೇ ಕೇಳುತ್ತಾರೆ. ನೋಡೋಕೆ ಚೆಂದ, ಆದರೆ ಅದರಲ್ಲಿರುವುದು ಬಣ್ಣದ ಮಸುಕು ಉಂಡೆಗಳು, ಎಲೆಯ ಮೈ ಅಲ್ಲ. ಅಳೆಯುವಾಗ ಮತ್ತೆ ಅಳತೆಗೋಲು ಹೇಳಿದ ತೊಂದರೆಗೇ ಬರುತ್ತೀರಿ. ಅದಕ್ಕೂ ಕ್ಯಾಮೆರಾ ಎಲ್ಲೆಲ್ಲಿತ್ತು ಅನ್ನುವುದು ಮೊದಲೇ ಬೇಕು, ಸಾಮಾನ್ಯವಾಗಿ ಅದನ್ನು ತೆಗೆಯುವುದು ಕೋಲ್ಮ್ಯಾಪ್‌ನಿಂದಲೇ. ಮೂಲ ಫೋಟೊಗಳನ್ನು ಅಳಿಸದೆ ಇಟ್ಟುಕೊಳ್ಳಿ, ಮುಂದೆ ಯಾವ ವಿಧಾನ ಬಂದರೂ ಅವನ್ನೇ ಮತ್ತೆ ಓಡಿಸಬಹುದು.